ಅಪ್‌ಡೇಟ್: ಕಾಕಾನ ಹಳೇ ಬ್ಯಾಂಜೋ ಹೋತ್ರೀ

ಬೆಳಗಾವ್ಯಾಗ ನಮ್ಮ ಕಾಕಾ ಹೊಸಾದ ತಗೊಂಡು ಭಜನಿಗೆ ಬಾರಸ್ತಿದ್ದ ಟೈಪ್‌ರೈಟರಿನಂಥಾ ಗುಂಡಿ ಒತ್ತಿ ತಂತಿ ಮೀಟಿ ನುಡಿಸೋ ಬ್ಯಾಂಜೋ ಹೆಂಗ ಮಾರೂದು ಅಂತ ಹಿಂದ ಇಲ್ಲೆ ನಿಮ್ಮನ್ನ ಕೇಳಿದ್ನೆಲ್ಲಾ, ಮಾರಾಟ ಆತು. ಆನ್‌ಲೈನ್ ಹಾಕ್ರಿ ಅಂದಿದ್ರಿ, ಹಾಕಿದೆ, ಬರೇ "ಲಾಸ್ಟ್ ಎಷ್ಟಕ್ಕ ಕೊಡ್ತೀರಿ" ಅನ್ನೋರ ಬಂದ್ರು, ಒಬ್ಬಾಂವರೆ ನುಡಿಸಿ ನೋಡ್ತೀನಿ ಅನ್ಲಿಲ್ಲ.

ಕೆಲಸಕ್ಕ ಬಂದಿದ್ದು ನಿಮ್ಮೊಳಗ ಮಿರಜಕ್ಕ ಒಯ್ರಿ ಅಂದ ಅಣ್ಣಾರ ಮಾತು. ಒಂದು ಗುಂಡಿ ಸ್ಪ್ರಿಂಗ್ ಸಡ್ಲಾಗಿ ಒತ್ತಿದ್ರ ಮ್ಯಾಲ ಏಳ್ತಿರ್ಲಿಲ್ಲ, ಅಲ್ಲೆ ಸಿತಾರ ಮಾಡೋರು ಅದನ್ನ ಸರಿ ಮಾಡಿ ತಂತಿ ಬದಲಿಸಿ ಶ್ರುತಿ ಕೂಡಿಸಿದ್ರು, ಆಮ್ಯಾಲ ಕಾಕಾ ನುಡಿಸಿದ ವಿಡಿಯೋ ಭಜನಿ ಗ್ರೂಪಿಗೆ ಬಿಟ್ಟೆ, ಗೋಕಾಕ ಕಡೆ ಮೇಳದವ್ರು ಬಂದು ಅರ್ಧಾ ತಾಸು ಬಾರಿಸಿ ನೋಡಿ ಒಯ್ದ್ರು. ಪಾಲಿಶ್ ಹೊಡಸ್ಲಿಲ್ಲ, ಹಳೇ ಬಣ್ಣಾನ ಅವರಿಗೆ ಬೇಕಾಗಿತ್ತು. ರೊಕ್ಕ ಏನ ಭಾಳ ಬರ್ಲಿಲ್ಲ ಬಿಡ್ರಿ.

ಮತ್ತ ಈ ಗುಂಡಿ ಬ್ಯಾಂಜೋದ ಮೂಲ ಜಪಾನ್ ಅಂತ, 1912ರಾಗ ಅಲ್ಲೆ ಹುಟ್ಟಿದ ತೈಶೋಗೋಟೋ ಅನ್ನೋ ವಾದ್ಯ! ಕಾಕಾ ಇನ್ನೂ ನಂಬವಲ್ಲ.