ಸಹಾಯ ಬೇಕು: ಕಂಪನಿ ಕಳಿಸಿದ ಫಾರಂಗೆ ಸಹಿ ಹಾಕಬೇಕಾ?

ಎಲ್ಲರಿಗೂ ನಮಸ್ಕಾರ. ಬಿಡುವಿನ ವೇಳೆಯಲ್ಲಿ ಒಂದು ಚಿಕ್ಕ ಓಪನ್ ಸೋರ್ಸ್ ಲೈಬ್ರರಿ (ಬೇರೆಯವರು ತಮ್ಮ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳಬಹುದಾದ ಕೋಡ್) ನೋಡಿಕೊಳ್ಳುತ್ತಿದ್ದೇನೆ. ಎಂಐಟಿ ಲೈಸೆನ್ಸ್, ಅಂದರೆ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಈಗ ಒಂದು ದೊಡ್ಡ ಕಂಪನಿಯಿಂದ ಮೇಲ್ ಬಂದಿದೆ. ‘ಪ್ರಿಯ ಸರಬರಾಜುದಾರರೇ’ ಅಂತ ಶುರು. ನನ್ನ ಹೆಸರಿಲ್ಲ, ಲೈಬ್ರರಿ ಹೆಸರೂ ಇಲ್ಲ. ನೂರಾರು ಜನರಿಗೆ ಒಟ್ಟಿಗೆ ಕಳಿಸಿದಂತಿದೆ. ಜೊತೆಗೊಂದು ಉದ್ದದ ಎಕ್ಸೆಲ್ ಶೀಟ್: ಎಸ್‌ಬಿಒಎಂ (ಸಾಫ್ಟ್‌ವೇರ್‌ನಲ್ಲಿ ಯಾವ್ಯಾವ ಬಿಡಿಭಾಗಗಳಿವೆ ಎಂಬ ಪಟ್ಟಿ) ಕೊಡಿ, ಭದ್ರತಾ ದೋಷ ಸಿಕ್ಕರೆ ಎಷ್ಟು ಗಂಟೆಯಲ್ಲಿ ಸರಿಪಡಿಸುತ್ತೀರಿ ಬರೆಯಿರಿ, ಕೊನೆಯಲ್ಲಿ ಸಹಿ ಹಾಕಿ. ಅವರ ಜೊತೆ ನನಗೆ ಒಪ್ಪಂದವೇ ಇಲ್ಲ!

2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಓಪನ್ ಸೋರ್ಸ್ ಲೈಬ್ರರಿಯ ಗಂಭೀರ ಭದ್ರತಾ ದೋಷ ಹೊರಬಿದ್ದ ಮೇಲೆ, ಇಂಟರ್ನೆಟ್‌ನಲ್ಲಿ ಡೇಟಾ ಕಳಿಸಲು, ತರಿಸಲು ಬಳಸುವ ಕರ್ಲ್ ಎಂಬ ಓಪನ್ ಸೋರ್ಸ್ ಟೂಲ್‌ನವರಿಗೂ ಇಂಥದ್ದೇ ಮೇಲ್ ಹೋಗಿತ್ತು. ಕರ್ಲ್ ಇರುವುದು ಸಿ ಭಾಷೆಯಲ್ಲಿ, ಲಾಗ್‌ಫೋರ್‌ಜೆ ಜಾವಾದ್ದು. ಅಷ್ಟನ್ನೂ ನೋಡದೆ ಕಳಿಸುತ್ತಾರೆ ಅಂದರೆ ಬೇಜಾರಾಗುತ್ತದೆ.

ಯಾವ ಆವೃತ್ತಿ ಬಳಸುತ್ತೀರಿ ಅಂತ ಕೇಳಿದೆ. ಬಂದದ್ದು ಅದೇ ಮೇಲ್‌ನ ರಿಮೈಂಡರ್. ದುಡ್ಡು ಕೊಟ್ಟು ಸಪೋರ್ಟ್ ಒಪ್ಪಂದ ಮಾಡಿಕೊಳ್ಳಬಹುದು ಅಂತ ಬರೆದೆ. ಉತ್ತರವೇ ಇಲ್ಲ.

ಯುರೋಪಿನ 2024ರ ಸೈಬರ್ ರೆಸಿಲಿಯನ್ಸ್ ಆಕ್ಟ್‌ನಲ್ಲಿ (ಡಿಜಿಟಲ್ ಉತ್ಪನ್ನಗಳ ಭದ್ರತೆಯ ಕಾನೂನು), ಬಳಸಿದ ಬಿಡಿಭಾಗಗಳನ್ನು ಪರಿಶೀಲಿಸುವ ಹೊಣೆ ಉತ್ಪನ್ನ ತಯಾರಿಸುವವರದೇ. ಹಾಗಾಗಿ ಸುಮ್ನೆ ಬಿಡೋಣ ಅನಿಸುತ್ತದೆ. ಆದರೆ ಆ ಕಂಪನಿಯ ಗ್ರಾಹಕರ ಸುರಕ್ಷತೆಯೂ ಮುಖ್ಯ ಅಲ್ವಾ?

ನನ್ನ ಗೊಂದಲ ಇಷ್ಟೇ. ಲೈಸೆನ್ಸ್‌ನಲ್ಲಿ ‘ಯಾವ ಖಾತರಿಯೂ ಇಲ್ಲ’ ಅಂತಿದೆ. ಈ ಶೀಟ್‌ಗೆ ಸಹಿ ಹಾಕಿದರೆ ನಾನೇ ಖಾತರಿ ಕೊಟ್ಟಂತೆ ಆಗುತ್ತದಾ? ಸಹಿ ಹಾಕದೆ, ರೆಪೊಸಿಟರಿಯ (ಕೋಡ್ ಇಟ್ಟಿರುವ ಜಾಗ) ಸೆಕ್ಯುರಿಟಿ ಫೈಲ್‌ನ (ಭದ್ರತಾ ದೋಷ ಸಿಕ್ಕರೆ ಹೇಗೆ ತಿಳಿಸಬೇಕು ಅಂತ ಬರೆದಿರುವ ಫೈಲ್) ಲಿಂಕ್ ಮಾತ್ರ ಕಳಿಸಿದರೆ ಸಾಕಾ? ಇಂಥ ಮೇಲ್‌ಗೆ ಉತ್ತರ ಕೊಟ್ಟವರು ಏನು ಬರೆದಿರಿ ಅಂತ ದಯವಿಟ್ಟು ತಿಳಿಸಿ.