ಪದಚರ್ಚೆ: ಕಸಿ ಮಾಡಿದ ಶ್ವಾಸಕೋಶದ ‘ರೆಸಿಡೆಂಟ್ ಮೆಮೊರಿ ಸೆಲ್’ ಸ್ಥಳೀಯವೇ?

ಪ್ರಶ್ನೆ: ಶ್ವಾಸಕೋಶ ಕಸಿಯ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಟಿಷ್ಯೂ ರೆಸಿಡೆಂಟ್ ಮೆಮೊರಿ ಟಿ ಸೆಲ್’ ಅನ್ನುವುದಕ್ಕೆ ‘ಸ್ಥಳೀಯ ನೆನಪಿನ ಕೋಶ’ ಎಂದರೆ ಸಾಕೇ? ‘ನಿವಾಸಿ’ ಎಂದು ಬರೆದರೆ ಆಸ್ಪತ್ರೆಯ ರೆಸಿಡೆಂಟ್ ಡಾಕ್ಟರೇ ಕಣ್ಮುಂದೆ ಬರುತ್ತಾರೆ. ಬಲ್ಲವರು ತಿಳಿಸಬೇಕು.

ಉತ್ತರ: ಮೇಡಂ, ‘ಸ್ಥಳೀಯ’ ದಯವಿಟ್ಟು ಬೇಡ. ಬೇರೆ ಕಡೆ ಹೇಗೋ ನಡೆದೀತು, ಕಸಿಯ ವಿಷಯದಲ್ಲಿ ಅರ್ಥವೇ ತಿರುಗುಮುರುಗಾಗುತ್ತದೆ.

ಹಿಂದೊಮ್ಮೆ ಎದುರಿಸಿದ ಸೋಂಕಿನ, ಫ್ಲೂ ವೈರಸ್ಸಿನದೇ ಅನ್ನಿ, ಗುರುತನ್ನು ಉಳಿಸಿಕೊಂಡು ರಕ್ತಕ್ಕೆ ಮರಳದೆ ಅಂಗಾಂಶದಲ್ಲೇ ನಿಲ್ಲುವ ಟಿ ಕಣಗಳಿವು (ಟಿ ಸೆಲ್, ರೋಗನಿರೋಧಕ ಕೆಲಸದ ಒಂದು ಬಗೆಯ ಬಿಳಿ ರಕ್ತಕಣ). ಅಂಗಾಂಶದಿಂದ ಹೊರಕ್ಕೆ ಕರೆಯುವ ಎಸ್1ಪಿ ಎಂಬ ಸಂಕೇತಕ್ಕೆ ಕಣದ ಹೊರಮೈಯಲ್ಲಿ ಒಂದು ಗ್ರಾಹಕ (ರಿಸೆಪ್ಟರ್) ಇದೆ. ಸಿಡಿ69 ಪ್ರೋಟೀನು ಆ ಗ್ರಾಹಕವನ್ನು ಒಳಕ್ಕೆಳೆದುಬಿಡುತ್ತದೆ, ಕರೆ ಕೇಳಿಸುವುದೇ ಇಲ್ಲ. ಕೆಲವದರಲ್ಲಿ ಸಿಡಿ103 ಎಂಬ ಇನ್ನೊಂದು ಪ್ರೋಟೀನೂ ಇದ್ದು, ಶ್ವಾಸನಾಳದ ಒಳಪದರದ ಪ್ರೋಟೀನಾದ ಇ-ಕ್ಯಾಡ್‌ಹೆರಿನ್‌ಗೆ ಕಚ್ಚಿಕೊಳ್ಳುತ್ತದೆ.

ದಾನಿಯ ಶ್ವಾಸಕೋಶ ತೆಗೆಯುವಾಗ ರಕ್ತನಾಳಗಳಲ್ಲಿ ತಣ್ಣನೆಯ ದ್ರಾವಣ ಹಾಯಿಸಿ ತೊಳೆಯುತ್ತಾರೆ. ನಾಳದೊಳಗಿನ ರಕ್ತಕಣಗಳು ಬಹುಪಾಲು ಕೊಚ್ಚಿಹೋಗುತ್ತವೆ. ಅಂಗಾಂಶದಲ್ಲಿ ಕೂತವು ಅಂಗದ ಜೊತೆಗೇ ಹೊಸ ದೇಹ ಸೇರುತ್ತವೆ. ಆಮೇಲೆ ಕಸಿ ಪಡೆದವರ ಟಿ ಕಣಗಳೂ ಅಲ್ಲಿಗೆ ಬಂದು ನಿಧಾನಕ್ಕೆ ಅದೇ ಲಕ್ಷಣ ತಳೆಯುತ್ತವೆ. ಈಗ ಸ್ಥಳೀಯರು ಯಾರು? ದಾನಿಯವು ಅಂಗಕ್ಕೆ ಸ್ಥಳೀಯ, ದೇಹಕ್ಕೆ ಹೊರಗಿನವು. ಪಡೆದವರವು ಇದಕ್ಕೆ ತದ್ವಿರುದ್ಧ. ನೆಲೆ ಕಂಡುಕೊಂಡದ್ದು ಮಾತ್ರ ಇಬ್ಬರವೂ. ಅದಕ್ಕೇ ನನ್ನ ಆಯ್ಕೆ ‘ನೆಲೆನಿಂತ’.

‘ಕಾವಲು ಕಣ’ ಅನ್ನುವ ಸಲಹೆಯನ್ನೂ ಕೇಳಿದ್ದೇನೆ, ಒಪ್ಪಲಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರ ಶ್ವಾಸನಾಳಗಳಲ್ಲಿ ದಾನಿಯ ಟಿ ಕಣಗಳು ವರ್ಷ ದಾಟಿಯೂ ಉಳಿದಿದ್ದವು, ಅಂಥವರಲ್ಲಿ ತೊಡಕುಗಳೂ ಕಡಿಮೆಯಿದ್ದವು. ಆದರೆ ಪಡೆದವರ ನೆಲೆನಿಂತ ಕಣಗಳು ಕಸಿ ಅಂಗದ ಮೇಲೇ ತಿರುಗಿಬೀಳಬಹುದು. ಅವನ್ನು ಕಾವಲು ಎನ್ನುವುದು ಹೇಗೆ?

ಯಾರ ಕಣ ಎಂದು ಗೊತ್ತಾಗುವುದು ಕಣದ ಹೊರಮೈಯಲ್ಲಿದ್ದು ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಎಚ್‌ಎಲ್‌ಎ ಗುರುತಿನಿಂದ. ಶ್ವಾಸನಾಳಕ್ಕೆ ಇಳಿಸುವ ಬ್ರಾಂಕೋಸ್ಕೋಪ್ ಕೊಳವೆಯಲ್ಲಿ ಸಲೈನ್ ಬಿಟ್ಟು ಹಿಂದಕ್ಕೆ ಹೀರಿದ ದ್ರವದ ಕಣಗಳಿಗೆ ಆ ಗುರುತಿಗೆ ಅಂಟುವ ಪ್ರತಿಕಾಯದ ಬಣ್ಣ ಹಚ್ಚಿ, ಕಣಗಳನ್ನು ಒಂದೊಂದಾಗಿ ಪರೀಕ್ಷಿಸುವ ಫ್ಲೋ ಸೈಟೋಮೀಟರಿನಲ್ಲಿ ನೋಡುತ್ತಾರೆ. ದಾನಿಗೆ ಎ2 ಎಂಬ ಬಗೆಯ ಗುರುತು ಇದ್ದು ಪಡೆದವರಿಗೆ ಇಲ್ಲದಿದ್ದರೆ, ಎ2 ಇರುವವೆಲ್ಲ ದಾನಿಯವು. ಇಬ್ಬರಿಗೂ ಇದ್ದರೆ ಆ ಗುರುತು ಪ್ರಯೋಜನಕ್ಕಿಲ್ಲ, ಬೇರೆಯದನ್ನು ಹುಡುಕಬೇಕು. ಅನುವಾದಕರು ಎಡವುವುದು ಇಲ್ಲೇ: ಮೂಲದಲ್ಲಿ ‘ಸಿಡಿ69 ಪಾಸಿಟಿವ್’ ಎಂದಷ್ಟೇ ಇದ್ದರೆ ಅದನ್ನು ‘ನೆಲೆನಿಂತ’ ಎಂದು ಹಿಗ್ಗಿಸಬೇಡಿ. ಈಗಷ್ಟೇ ಚುರುಕಾದ ಟಿ ಕಣದಲ್ಲೂ ಸಿಡಿ69 ಮೂಡುತ್ತದೆ.

‘ನೆನಪಿನ ಕೋಶ’ ಎಂದರೆ ಓದುಗರ ಮನಸ್ಸು ನೇರ ಮಿದುಳಿಗೆ ಹೋಗುತ್ತದೆ, ‘ಸ್ಮೃತಿ ಟಿ ಕಣ’ ಎಂದರೆ ಹೋಗದು. ‘ಕೋಶ’ ಬಿಟ್ಟದ್ದಕ್ಕೂ ಕಾರಣವಿದೆ: ‘ಶ್ವಾಸಕೋಶದ ಕೋಶ’ದಲ್ಲಿ ಮೊದಲನೆಯದು ಅಂಗ, ಎರಡನೆಯದು ಸೆಲ್, ಕಿವಿಗೂ ಕಿರಿಕಿರಿ. ‘ಬಿಳಿ ರಕ್ತಕಣ’ ಎಲ್ಲರ ಬಾಯಲ್ಲಿರುವುದರಿಂದ ‘ಕಣ’ ಹೊಸದೆನಿಸದು.

ಹಾಗಾಗಿ ‘ನೆಲೆನಿಂತ ಸ್ಮೃತಿ ಟಿ ಕಣ’. ಅದರ ಮುಂದೆ ‘ದಾನಿಯ’ ಅಥವಾ ‘ಪಡೆದವರ’ ಎಂದು ಪ್ರತಿ ಸಲವೂ ಹಾಕಿ. ಬರೀ ‘ಪರಕೀಯ ಕಣ’ ಎಂದರೆ ಯಾರಿಗೆ ಪರಕೀಯ ಎಂಬುದು ಓದುಗರಿಗೆ ತಿಳಿಯುವುದಿಲ್ಲ.