ಸಹಾಯ ಬೇಕು: ನಿಜವಾದ ತೋಟದಲ್ಲಿ ಊಟ ಹಾಕುವವರು ಇದ್ದಾರಾ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪನಿಗೆ 70 ತುಂಬುತ್ತದೆ. ಹೋಟೆಲ್ ಬೇಡ, ಗದ್ದೆ ಬದಿಯಲ್ಲಿ ಉಣ್ಣಬೇಕು ಅಂತ ಅವರ ಆಸೆ. ನಾವು 14 ಜನ, ಮೈಸೂರಿನಿಂದ ಹೊರಡುತ್ತೇವೆ. ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಎಲ್ಲಾದರೂ ಸರಿ. ವಿಶ್ವೇಶ್ವರಯ್ಯ ನಾಲೆ ಬಯಲಾದರೆ ಇನ್ನೂ ಚೆಂದ.

ಹೋದ ವರ್ಷ ಒಂದು ಕಡೆ ಮೋಸ ಹೋದೆವು. ಬೋರ್ಡಿನಲ್ಲಿ ‘ತೋಟದ ಊಟ’. ಒಳಗೆ ಹೋದರೆ ಹುಲ್ಲುಹಾಸು, ಈಜುಕೊಳ, ಸೆಲ್ಫಿಗೆ ಅಂತ ಬಣ್ಣ ಬಳಿದ ಎತ್ತಿನ ಗಾಡಿ. ಎತ್ತು ಮಾತ್ರ ಇಲ್ಲ! ಮುದ್ದೆ ಆರಿ ಕಲ್ಲಾಗಿತ್ತು. ಅದನ್ನು ಮಂಡ್ಯದವರ ಮುಂದೆ ಇಡುವುದಾ?

ನಮಗೆ ಬೇಕಿರುವುದು ಕಬ್ಬು, ಭತ್ತ ಬೆಳೆಯುವ, ಕೊಟ್ಟಿಗೆಯಲ್ಲಿ ಹಸು ಇರುವ ಮನೆ. ಬಿಸಿ ಮುದ್ದೆ, ಬಸ್ಸಾರು, ನಾಟಿ ಕೋಳಿ ಸಾರು, ಮಜ್ಜಿಗೆ ಸಾಕು. ಹತ್ತಿರದಲ್ಲಿ ಆಲೆಮನೆ ನಡೆಯುತ್ತಿದ್ದರೆ ಮಕ್ಕಳಿಗೆ ಹಬ್ಬ. ಕೊಪ್ಪರಿಗೆಯಿಂದ ಇಳಿಸಿದ ಬಿಸಿ ಬೆಲ್ಲದ ರುಚಿ ಅವರಿಗೆ ಗೊತ್ತೇ ಇಲ್ಲ.

ಅಪ್ಪನಿಗೆ ಮಂಡಿನೋವು, ನೆಲದಲ್ಲಿ ಕೂರಲು ಆಗುವುದಿಲ್ಲ. ಕುರ್ಚಿ, ಶೌಚಾಲಯ, ಕಾರು ಹೋಗುವ ದಾರಿ ಇರಬೇಕು. ಎಷ್ಟು ದಿನ ಮುಂಚೆ ಹೇಳಬೇಕು, ತಲೆಗೆ ಎಷ್ಟಾಗುತ್ತದೆ? ಸುಮ್ನೆ ಯಾರೋ ಹೇಳಿದ್ದಲ್ಲ, ನೀವೇ ಹೋಗಿ ಉಂಡ ಜಾಗವಿದ್ದರೆ ತಿಳಿಸಿ.